ತಿಳಿವಳಿಕೆ ಇಲ್ಲದ ಜನ ಎಂಬ ಮಾತು

ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮು ಶುರುವಾಯಿತೆಂದರೆ ಕೊಳ್ಳೇಗಾಲ ತಾಲ್ಲೂಕಿನ ಆ ಭಾಗದ ದಿನಚರಿಯೇ ಬದಲಾಗುತ್ತದೆ. ನಸುಕಿಗೇ ಗದ್ದೆಗೆ ಇಳಿಯುವ ಕೂಲಿಯಾಳುಗಳು ಬಿಸಿಲು ಏರುವ ಮುಂಚೆ ಆದಷ್ಟು ಕಡಿದು ಮುಗಿಸಬೇಕು. ಕಬ್ಬನ್ನು ಬುಡಕ್ಕೇ ಕಡಿಯಬೇಕಾದ್ದರಿಂದ ಕೈ ನೆಲ ಮುಟ್ಟುತ್ತದೆ. ಅಲ್ಲಿ ಮೊಣಕಾಲುದ್ದ ತರಗು, ತರಗಿನಡಿ ಇಲಿ, ಇಲಿಯ ಹಿಂದೆ ಹಾವು. ಕಚ್ಚಿಸಿಕೊಂಡವನು ಬಿಗಿಯಾಗಿ ದಾರ ಕಟ್ಟಿಕೊಂಡು, ಮಂತ್ರ ಹಾಕಿಸಿಕೊಂಡು, ನಾಲ್ಕು ತಾಸು ಕಳೆದ ಮೇಲೆ ಆಸ್ಪತ್ರೆಗೆ ಬಂದರೆ ಕೇಳಿಬರುವ ಮಾತು ಒಂದೇ: ‘ಈ ಜನಕ್ಕೆ ತಿಳಿವಳಿಕೆ ಇಲ್ಲ.’

ಈ ಮಾತನ್ನು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕುಗಳಲ್ಲಿ ಕೇಳಬಹುದು. ರಕ್ತಹೀನತೆಗೂ ಅದೇ ಕಾರಣ, ಹೆರಿಗೆ ತಡವಾದರೂ ಅದೇ, ಲಸಿಕೆ ಬೇಡವೆಂದರೂ ಅದೇ. ಸಭೆಗಳಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರವೂ ಒಂದೇ, ಅರಿವು ಕಾರ್ಯಕ್ರಮ. ಈ ಸೀಮೆಯ ಕಳೆದ ಕೆಲವು ದಶಕಗಳನ್ನು ತಿರುವಿ ನೋಡಿದರೆ ಮಾತ್ರ ಕ್ರಮ ತಿರುವುಮುರುವು ಕಾಣುತ್ತದೆ. ಸೇವೆ ಬಂದು ನೆಲೆ ನಿಂತ ಕಡೆ ಅರಿವು ಅದರ ಹಿಂದೆ ಬಂದಿದೆ. ಬರೀ ಅರಿವನ್ನು ಮುಂದೆ ಕಳಿಸಿದ ಕಡೆ ಗೋಡೆಯ ಮೇಲೆ ಪೋಸ್ಟರು ಉಳಿದಿದೆ.

ಹಾವಿನ ವಿಷಯವನ್ನೇ ಮುಗಿಸೋಣ. ಮಂತ್ರ ಹಾಕುವವನು ಅದೇ ಊರಿನಲ್ಲಿರುತ್ತಾನೆ, ರಾತ್ರಿ ಹನ್ನೆರಡಕ್ಕೂ ಬಾಗಿಲು ತೆರೆಯುತ್ತಾನೆ, ದುಡ್ಡು ಕೇಳುವುದಿಲ್ಲ. ಕಚ್ಚಿದ್ದು ವಿಷದ ಹಾವಲ್ಲದಿದ್ದರೆ, ಅಥವಾ ಕಚ್ಚಿದರೂ ವಿಷ ಇಳಿಯದಿದ್ದರೆ, ಬದುಕಿದವನ ಕೀರ್ತಿ ಅವನಿಗೇ. ನಾಗರ ಮತ್ತು ಕಟ್ಟುಹಾವಿನ ವಿಷ ನರಕ್ಕೆ, ಕೊಳಕುಮಂಡಲದ್ದು ರಕ್ತಕ್ಕೆ ಮತ್ತು ಮೂತ್ರಪಿಂಡಕ್ಕೆ. ಕೊಳಕುಮಂಡಲ ಕಚ್ಚಿದೆಯೋ ಎಂದು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿದರೆ ಆಯಿತು. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ರಕ್ತಕ್ಕೆ ಇಳಿದಿದೆ ಎಂದರ್ಥ, ಪ್ರತಿವಿಷ ಕೊಡಬೇಕು. ಈ ನಳಿಕೆಯನ್ನು ಜೊತೆಗೆ ಬಂದ ಅಣ್ಣತಮ್ಮಂದಿರ ಕಣ್ಣೆದುರೇ ಓರೆ ಮಾಡಿ ತೋರಿಸಿದರೆ ಯಾವ ಭಾಷಣವೂ ಬೇಡ. ದಾರ ಬಿಗಿಯಬೇಡಿ, ಕೊಯ್ಯಬೇಡಿ, ಕಚ್ಚಿದ ಕೈಕಾಲು ಅಲುಗದಂತೆ ನೋಡಿಕೊಂಡು ನೇರ ಇಲ್ಲಿಗೆ ಬನ್ನಿ ಎಂಬ ಮಾತು ಅವರ ಬಾಯಿಂದಲೇ ಊರೆಲ್ಲ ಹರಡುತ್ತದೆ. ಹಾಗೆ ಹರಡಬೇಕಾದರೆ ಪ್ರತಿವಿಷ ಹತ್ತಿರದ ಆಸ್ಪತ್ರೆಯಲ್ಲೇ ಇರಬೇಕು, ಅದನ್ನು ಕೊಡಲು ಅಂಜದ ವೈದ್ಯರೂ ಇರಬೇಕು. ‘ಮೈಸೂರಿಗೆ ಹೋಗಿ’ ಎಂದು ಚೀಟಿ ಬರೆದು ಕೊಟ್ಟರೆ, ಮುಂದಿನ ಸಲ ಮಂತ್ರದವನೇ ಗತಿ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಎಣಿಕೆಯೇ ಇಲ್ಲದ ಸಾವಿಗೆ ಔಷಧಿಯ ದಾಸ್ತಾನು ಯಾರೂ ಇಡುವುದಿಲ್ಲವಾದ್ದರಿಂದ ಇದು ಸಣ್ಣ ಆದೇಶವಲ್ಲ.

ಆರೋಗ್ಯದ ಅರಿವು ಎಂದರೆ ಏನು ಎಂಬುದರ ಬಗ್ಗೆ ಹೊರಗೆ ಸಾಕಷ್ಟು ಚರ್ಚೆಯಾಗಿದೆ. ಆಸ್ಟ್ರೇಲಿಯಾದ ಡಾನ್ ನಟ್‌ಬೀಮ್ 2000ದಲ್ಲಿ ಇದನ್ನು ಮೂರು ಮಟ್ಟದಲ್ಲಿ ನೋಡಬೇಕೆಂದರು: ಚೀಟಿ ಓದಿ ಮಾತ್ರೆ ನುಂಗುವಷ್ಟು, ವೈದ್ಯರೊಂದಿಗೆ ಮಾತಾಡಿ ಕೇಳಿ ತಿಳಿಯುವಷ್ಟು, ಕಾಯಿಲೆಗೆ ಕಾರಣವಾದ ವ್ಯವಸ್ಥೆಯನ್ನೇ ಪ್ರಶ್ನಿಸುವಷ್ಟು. ನಮ್ಮ ಕಾರ್ಯಕ್ರಮಗಳು ಮೊದಲನೆಯದರಲ್ಲೇ ನಿಂತಿವೆ. ಮೂರನೆಯದು ಜನರಿಗೆ ಬಂದುಬಿಟ್ಟರೆ ಇಲಾಖೆಗೇ ಕಷ್ಟ ಎನ್ನುವುದೂ ಇದಕ್ಕೆ ಕಾರಣವಿರಬಹುದು. ಬ್ರಿಟನ್ನಿನ ವೇಲ್ಸ್‌ ಸೀಮೆಯ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಇನ್ನೊಂದು ಮಾತು ಹೇಳಿದ್ದರು: ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ. ಹನೂರಿನ ಕಾಡಂಚಿನಲ್ಲಿ ನಿಂತು ನೋಡಿದರೆ ಈ ಮಾತಿಗೆ ಬೇರೆ ಪುರಾವೆ ಬೇಕಾಗುವುದಿಲ್ಲ.

ಅಂಕಿಅಂಶ ಏನನ್ನುತ್ತದೆ? ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 2004–06ರಲ್ಲಿ 213 ಇದ್ದ ತಾಯಂದಿರ ಮರಣ 2018–20ರ ಹೊತ್ತಿಗೆ 69ಕ್ಕೆ ಇಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಇದು ನಿಜವಾದ ಸಾಧನೆ, ಅಲ್ಲಗಳೆಯುವಂಥದ್ದಲ್ಲ. ಆದರೆ ರಾಜ್ಯದ ಸರಾಸರಿಯಲ್ಲಿ ಚಾಮರಾಜನಗರ ಜಿಲ್ಲೆಯ ಗುಡ್ಡಗಳು ಕಾಣುವುದಿಲ್ಲ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಸಾಕ್ಷರತೆ 61.43, ರಾಜ್ಯದ್ದು 75.36. ಜಿಲ್ಲೆಯ ಒಳಗೂ ಕಾಲುವೆ ನೀರು ಕಂಡ ಬಯಲಿಗೂ ಮಲೆಯ ಹಾಡಿಗಳಿಗೂ ಹೋಲಿಕೆಯಿಲ್ಲ.

ಹಿಂದಿನ ಚರಿತ್ರೆಯನ್ನೂ ಸ್ವಲ್ಪ ನೋಡಬೇಕು. ಮಾದಪ್ಪ ಸುತ್ತೂರು ಮಠ, ಕುಂತೂರು ಮಠಗಳನ್ನು ದಾಟಿ ಏಳುಮಲೆ ಸೇರಿದ ಎಂದು ದೇವರಗುಡ್ಡರು ಹಾಡುವ ಈ ನೆಲ ಜನಪದರಿಗೆ ಒಂದೇ. ಆಡಳಿತಕ್ಕೆ ಹಾಗಿರಲಿಲ್ಲ. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರು ಸಂಸ್ಥಾನದೊಳಗಿತ್ತು. ಕೊಳ್ಳೇಗಾಲ 1956ರವರೆಗೂ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಒಂದು ಮೂಲೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ಕು ತೆರೆಯುವಷ್ಟು ಮುಂದಿದ್ದಾಗ ಕೊಳ್ಳೇಗಾಲದ ಕನ್ನಡಿಗರು ಕೊಯಮತ್ತೂರಿನ ಕಚೇರಿಯತ್ತ ಮುಖ ಮಾಡಿ ಕೂತಿದ್ದರು. ಆಮೇಲೆ ಮೈಸೂರು ಜಿಲ್ಲೆಯ ಕೊನೆಯ ತಾಲ್ಲೂಕು, 1997ರಿಂದ ಚಾಮರಾಜನಗರ ಜಿಲ್ಲೆಯ ದೊಡ್ಡ ತಾಲ್ಲೂಕು. ಅದರಿಂದ ಹನೂರು ಬೇರೆಯಾದದ್ದು ಮೊನ್ನೆ ಮೊನ್ನೆ. ಗಡಿಯಲ್ಲಿರುವವರಿಗೆ ಎಲ್ಲವೂ ತಡವಾಗಿಯೇ ಬರುತ್ತದೆ.

ಜನರನ್ನು ಒಪ್ಪಿಸುವ ಕೆಲಸವೂ ಇಲ್ಲಿ ಹೊಸದಲ್ಲ. ಸಿಡುಬಿನ ಲಸಿಕೆ ಭಾರತಕ್ಕೆ ಬಂದ ಹೊಸದರಲ್ಲಿ, 1803ರ ಸುಮಾರಿಗೆ, ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅದನ್ನು ಹಾಕಿಸಲು ಓಡಾಡಿದವರಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬಾ ಒಬ್ಬರು. ಸಸ್ಯಾಹಾರಿಯಾಗಿ, ಈ ನೆಲದ ಉಡುಗೆ ತೊಟ್ಟು, ಜನರ ನಡುವೆ ಬದುಕಿದವರು. ಅತ್ತ ಅರಮನೆಯಲ್ಲಿ ಚಿತ್ರಕಾರ ಥಾಮಸ್ ಹಿಕಿ 1805ರಲ್ಲಿ ಮೂವರು ರಾಜವಂಶದ ಸ್ತ್ರೀಯರ ಚಿತ್ರ ಬರೆದ. ಅದರಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳಿನತ್ತ ಬೆರಳು ತೋರುತ್ತಾಳೆ. ಅದು ಲಸಿಕೆ ಹಾಕಿಸಿಕೊಂಡ ಜಾಗ, ಪ್ರಜೆಗಳಿಗೆ ಧೈರ್ಯ ಹೇಳಲು ಬರೆಸಿದ ಚಿತ್ರ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದ. ನಿಜವಿದ್ದರೆ ನಮ್ಮ ನಾಡಿನ ಮೊದಲ ಆರೋಗ್ಯ ಜಾಹೀರಾತು ಅದೇ ಇರಬೇಕು. ಅದನ್ನು ಎಷ್ಟು ಪ್ರಜೆಗಳು ನೋಡಿದರು ಎನ್ನುವುದು ಬೇರೆ ಪ್ರಶ್ನೆ, ಇವತ್ತಿನ ಜಾಹೀರಾತುಗಳಿಗೂ ಕೇಳಬಹುದಾದದ್ದು.

ಈ ಸೀಮೆಯ ಅತಿ ಗಟ್ಟಿ ಉದಾಹರಣೆ ಯಳಂದೂರಿನ ಕುಷ್ಠರೋಗದ್ದು. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠ ವಿಪರೀತವಾಗಿತ್ತು. ಅದಕ್ಕೆಂದೇ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಕುಷ್ಠದ ಮಚ್ಚೆ ನೋಯುವುದಿಲ್ಲ, ತುರಿಸುವುದಿಲ್ಲ. ಮುಟ್ಟಿದರೆ, ಚುಚ್ಚಿದರೆ ಗೊತ್ತಾಗುವುದಿಲ್ಲ, ಅಷ್ಟೆ. ನೋವಿಲ್ಲದ ಕಾಯಿಲೆಗೆ ಕೂಲಿ ಬಿಟ್ಟು ಆಸ್ಪತ್ರೆಗೆ ಯಾರು ಹೋಗುತ್ತಾರೆ? ಬಹಿಷ್ಕಾರದ ಭಯ ಬೇರೆ. ಮಚ್ಚೆ ಇದೆಯೆಂದು ಗೊತ್ತಾದರೆ ಮಗಳ ಮದುವೆ ನಿಲ್ಲುತ್ತದೆ. ಅಲ್ಲಿ ಕೆಲಸ ಮಾಡಿದ್ದು ಮನೆಮನೆಗೆ ಹೋಗಿ ಬೆನ್ನು, ತೋಳು ನೋಡುವ ಶ್ರಮ, ಮತ್ತು 1982ರಿಂದ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆ. ಮಾತ್ರೆಯನ್ನು ತಿಂಗಳ ಲೆಕ್ಕದಲ್ಲಿ ಆರು ತಿಂಗಳೋ ವರ್ಷವೋ ನುಂಗಿದವನ ಕಾಯಿಲೆ ಕಣ್ಣೆದುರೇ ವಾಸಿಯಾದಾಗ ಪಕ್ಕದ ಮನೆಯವನು ತಾನೇ ಅಂಗಿ ಬಿಚ್ಚಿ ತೋರಿಸಿದ. ಮೊದಲು ವಾಸಿಯಾಗುವುದನ್ನು ಕಂಡರು, ಆಮೇಲೆ ನಂಬಿದರು. ದೇಶದ ಕಾನೂನೇ ಈ ಅರಿವಿಗೆ ಬಂದದ್ದು ತೀರ ತಡವಾಗಿ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿ ಇಟ್ಟಿದ್ದ ವೈಯಕ್ತಿಕ ಕಾನೂನುಗಳ ಕಲಮುಗಳು ರದ್ದಾದದ್ದು 2019ರಲ್ಲಿ. ತಿಳಿವಳಿಕೆ ಇಲ್ಲದವರು ಯಾರು ಎಂದು ಕೇಳಬೇಕೆನಿಸುತ್ತದೆ.

ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ 1996ರಲ್ಲಿ ಕರುಣಾ ಟ್ರಸ್ಟ್‌ಗೆ ವಹಿಸಿತು. ಮೂರ್ಛೆರೋಗ, ಮಾನಸಿಕ ಕಾಯಿಲೆಗಳನ್ನೂ ಹಳ್ಳಿಯ ಆಸ್ಪತ್ರೆಯಲ್ಲೇ ನೋಡುವ ಪದ್ಧತಿ ಅಲ್ಲಿ ಬೆಳೆಯಿತು. ಮೂರ್ಛೆ ಬಂದವನ ಕೈಗೆ ಕಬ್ಬಿಣ ಕೊಡುವ ಊರಿನಲ್ಲಿ, ದಿನಾ ನುಂಗುವ ಅಗ್ಗದ ಮಾತ್ರೆಯಿಂದ ವರ್ಷಗಟ್ಟಲೆ ಮೂರ್ಛೆ ಬಾರದಂತೆ ಇಡಬಹುದೆಂದು ತೋರಿಸಿದ್ದು ದೊಡ್ಡ ಪಾಠ. ಸರ್ಕಾರಿ ಆಸ್ಪತ್ರೆಯನ್ನು ಸಂಸ್ಥೆಗೆ ಕೊಡುವುದು ಸರಿಯೇ ಎಂಬ ತಕರಾರು ಆಗಲೂ ಇತ್ತು, ಈಗಲೂ ಇದೆ. ನನಗೂ ಆ ತಕರಾರಿನಲ್ಲಿ ಹುರುಳಿದೆ ಅನ್ನಿಸುತ್ತದೆ. ಸುದರ್ಶನ್ ಅವರಂಥವರು ಇರುವ ಕಡೆ ನಡೆದದ್ದು ಎಲ್ಲ ಕಡೆಯೂ ನಡೆಯುತ್ತದೆ ಎಂದು ಹೇಳಲಾಗದು. ಆದರೆ ಗುಂಬಳ್ಳಿಯ ಗುಟ್ಟು ಮಾಲೀಕತ್ವದಲ್ಲಿ ಇರಲಿಲ್ಲ, ವೈದ್ಯರು ಮತ್ತು ಸಿಬ್ಬಂದಿ ಅಲ್ಲಿಯೇ ಉಳಿದದ್ದರಲ್ಲಿ ಇತ್ತು. ವರ್ಷಕ್ಕೊಬ್ಬರು ವರ್ಗವಾಗಿ ಹೋಗುವ ಆಸ್ಪತ್ರೆಯಲ್ಲಿ ರೋಗಿಗೆ ಅರಿವು ಬರುವಷ್ಟರಲ್ಲಿ ವೈದ್ಯರೇ ಇರುವುದಿಲ್ಲ.

ಬೆಟ್ಟದ ಮೇಲೆ ಈಗಿನ ಕಠಿಣ ಪರೀಕ್ಷೆ ಕುಡಗೋಲು ಕಣ ರಕ್ತಹೀನತೆಯದು. ಜನ ಅದನ್ನು ‘ಸಿಕಲ್ ಸೆಲ್’ ಎಂದೇ ಕರೆಯುತ್ತಾರೆ. ದಕ್ಷಿಣದ ಗುಡ್ಡಗಾಡಿನ ಹಲವು ಬುಡಕಟ್ಟುಗಳಲ್ಲಿ ಇರುವಂತೆ ಇಲ್ಲಿನ ಸೋಲಿಗರಲ್ಲೂ ಇದೆ. ರಕ್ತದ ದುಂಡು ಕಣಗಳು ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಮೂಳೆಮೂಳೆಯೂ ಸಿಡಿಯುವ ನೋವು ಕೊಡುತ್ತವೆ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಅಭಿಯಾನ ಶುರುಮಾಡಿತು. 40 ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆ, 2047ಕ್ಕೆ ನಿರ್ಮೂಲನೆ ಅದರ ಗುರಿ. ತಪಾಸಣೆಯಾದವರಿಗೆ ಬಣ್ಣಬಣ್ಣದ ಕಾರ್ಡು ಕೊಡುತ್ತಾರೆ. ತೊಡಕು ಇಲ್ಲಿಂದ ಶುರು. ಅಪ್ಪ ಅವ್ವ ಇಬ್ಬರಲ್ಲೂ ಈ ಕಾಯಿಲೆ ತರುವ ವಂಶವಾಹಿ ದೋಷದ ಒಂದೊಂದು ಪ್ರತಿ ಇದ್ದರೆ ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಂಭವ. ಒಂದೇ ಪ್ರತಿ ಇರುವವರು ವಾಹಕರು, ಅವರಿಗೆ ಸಾಮಾನ್ಯವಾಗಿ ಏನೂ ತೊಂದರೆ ಇರುವುದಿಲ್ಲ. ‘ನಾಲ್ಕರಲ್ಲಿ ಒಂದು’ ಎಂದಾಗ ‘ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಬರಲ್ಲ’ ಎಂದು ಅರ್ಥಮಾಡಿಕೊಳ್ಳುವುದು ಎಲ್ಲ ಊರಿನಲ್ಲೂ ಸಹಜ, ಓದಿದವರಲ್ಲೂ. ವಾಹಕ ಹುಡುಗಿಯ ಕೈಯಲ್ಲಿ ಬಣ್ಣದ ಕಾರ್ಡು ಕೊಟ್ಟು ಹೋದರೆ ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಅವಳು ರೋಗಿಯೇ ಆಗಿಬಿಡುತ್ತಾಳೆ. ಕಾರ್ಡು ಕೊಡಲು ಒಂದು ನಿಮಿಷ ಸಾಕು, ವಿವರಿಸಲು ಎರಡು ತಲೆಮಾರಿನವರನ್ನು ಕೂರಿಸಿಕೊಂಡು ಅರ್ಧ ದಿನ ಬೇಕು. ಗುರಿ ನಿಗದಿ ಮಾಡಿದವರು ತಪಾಸಣೆಯ ಸಂಖ್ಯೆ ಕೇಳುತ್ತಾರೆ, ಆ ಅರ್ಧ ದಿನಕ್ಕೆ ಲೆಕ್ಕದ ಕಾಲಮ್ಮೇ ಇಲ್ಲ.

ಮಾತಿನ ಸಮಸ್ಯೆಯೂ ಸಣ್ಣದಲ್ಲ. ಹನೂರು ತಾಲ್ಲೂಕಿನ ಮಾರ್ಟಳ್ಳಿ ಕಡೆ ತಮಿಳು ಮನೆಮಾತು. ಒಡೆಯರಪಾಳ್ಯದಲ್ಲಿ ಟಿಬೆಟನ್ನರ ಶಿಬಿರವಿದೆ. ಸೋಲಿಗರಿಗೆ ಅವರದೇ ನುಡಿ. ಬಯಲಿನ ಕನ್ನಡವೂ ಬೆಂಗಳೂರಿನ ಸುತ್ತೋಲೆಯ ಕನ್ನಡವಲ್ಲ. ಅದಕ್ಕೆ ಇಲಾಖೆಯವರು ಕಂಸಾಳೆ ಕಟ್ಟಿಸುತ್ತಾರೆ, ಬೀದಿ ನಾಟಕ ಆಡಿಸುತ್ತಾರೆ. ರಾಗ ಮಾದಪ್ಪನದು, ಮಾತು ಸುತ್ತೋಲೆಯದು. ಜನ ಕೇಳಿ, ಮೆಚ್ಚಿ, ಮನೆಗೆ ಹೋಗುತ್ತಾರೆ. ಪಕ್ಕದ ಜಿಲ್ಲೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಿಂದ ನಡೆಸುತ್ತಿರುವ ‘ಜನಧ್ವನಿ’ ಸಮುದಾಯ ಬಾನುಲಿಯ ಹಾದಿ ಇದಕ್ಕಿಂತ ಮೇಲು, ಅಲ್ಲಿ ಮಾತಾಡುವವರೂ ಊರಿನವರೇ. ಎಲ್ಲಕ್ಕಿಂತ ಅಗ್ಗದ ಉಪಾಯವೊಂದಿದೆ. ಹೇಳಿ ಮುಗಿಸಿದ ಮೇಲೆ ‘ಅರ್ಥ ಆಯ್ತಾ?’ ಎಂದು ಕೇಳುವುದನ್ನು ಬಿಡುವುದು. ಅದಕ್ಕೆ ಎಲ್ಲರೂ ‘ಹ್ಞೂಂ ಬುದ್ಧಿ’ ಎಂದೇ ತಲೆಯಾಡಿಸುತ್ತಾರೆ. ಬದಲಿಗೆ ‘ಅಕ್ಕಾ, ಮಾತ್ರೆ ಯಾವ್ಯಾವಾಗ ನುಂಗ್ತೀಯ, ನಂಗೊಂದ್ಸಲ ಯೋಳು ನೋಡಾನ’ ಎಂದರೆ ಗುಟ್ಟೆಲ್ಲ ಹೊರಬರುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಟೀ ಜೊತೆ ನುಂಗುತ್ತಿರುವುದು, ಮಲ ಕಪ್ಪಾದದ್ದನ್ನು ಕಂಡು ಹೆದರಿ ನಿಲ್ಲಿಸಿದ್ದು, ಅತ್ತೆ ‘ಮಗ ದೊಡ್ಡದಾಗಿ ಬೆಳೀತದೆ, ಹೆರಿಗೆ ಕಷ್ಟ’ ಎಂದದ್ದು.

ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಸರ್ಕಾರ 2017ರಲ್ಲಿ ಮಾತೃಪೂರ್ಣ ಯೋಜನೆ ತಂದಿತು. ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೆ ಬಂದು ಮಧ್ಯಾಹ್ನ ಬಿಸಿಯೂಟ ಮಾಡಬೇಕು. ಒಳ್ಳೆಯ ಯೋಚನೆ. ಆದರೆ ಕಬ್ಬಿನ ಗದ್ದೆಯಲ್ಲಿ ಮಧ್ಯಾಹ್ನ ಒಂದಕ್ಕೆ ಕೂಲಿ ಬಿಟ್ಟು ಬರುವವಳಿಗೆ ಆ ದಿನದ ಕೂಲಿ ಯಾರು ಕೊಡುತ್ತಾರೆ? ಕೊಳ್ಳೇಗಾಲದ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ಬಿಸಿನೀರಿಗೆ ಕೈಯದ್ದಿ ಕೂತವಳು ಎದ್ದು ಬರುವುದುಂಟೇ? ಮೊಟ್ಟೆ, ಸೊಪ್ಪು, ಕಾಳು ತಿನ್ನಬೇಕೆಂಬುದು ಅವಳಿಗೆ ಗೊತ್ತು. ಬೆಟ್ಟದ ಮೇಲಂತೂ ಇದು ಇನ್ನೂ ಸ್ಪಷ್ಟ. 1972ರ ವನ್ಯಜೀವಿ ಕಾಯ್ದೆ, ಆಮೇಲೆ ಅಭಯಾರಣ್ಯ ಬಂದು ಸೋಲಿಗರ ಕಾಡು ಬೇಸಾಯ ನಿಂತಿತು. ರಾಗಿ, ಕಾಳು, ಗೆಡ್ಡೆಗೆಣಸು, ಹತ್ತಾರು ಬಗೆಯ ಸೊಪ್ಪು ಇದ್ದ ಊಟ ಪಡಿತರದ ಅಕ್ಕಿಗೆ ಇಳಿಯಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು, ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ 25 ಪೋಡುಗಳಿಗೆ ಸಮುದಾಯ ಹಕ್ಕೂ ಸಿಕ್ಕಿತು. ಯಾವ ಗೆಡ್ಡೆ ಯಾವ ತಿಂಗಳಿಗೆ ಎಂದು ಬಲ್ಲ ಜನಕ್ಕೆ ಪೌಷ್ಟಿಕ ಆಹಾರದ ಬಗ್ಗೆ ಉಪನ್ಯಾಸ ಕೊಡುವುದು ಸ್ವಲ್ಪ ನಾಚಿಕೆಯ ಕೆಲಸ.

ಹನೂರಿನ ಕಡೆ ಪ್ರಶ್ನೆ ದಾರಿಯದು. ಮಲೆ ಮಹದೇಶ್ವರ ವನ್ಯಧಾಮದೊಳಗಿನ ಊರುಗಳಲ್ಲಿ ಬಸುರಿಯನ್ನು, ಕಾಯಿಲೆಯವರನ್ನು ಡೋಲಿಯಲ್ಲಿ ಹೊತ್ತು ಕಾಡು ದಾಟಿಸುವುದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಸುದ್ದಿ. ಅರಣ್ಯ ಇಲಾಖೆ 2021ರಲ್ಲಿ ಕೆಲವು ಊರುಗಳಿಗೆ ಜೀಪು ಓಡಿಸತೊಡಗಿತು. 2024ರ ಏಪ್ರಿಲ್ 26ರಂದು ಲೋಕಸಭೆ ಚುನಾವಣೆಯ ದಿನ ಇಂಡಿಗನತ್ತದಲ್ಲಿ ಜನ ಮತಗಟ್ಟೆಗೆ ನುಗ್ಗಿ ಮತಯಂತ್ರ ಒಡೆದರು, 29ಕ್ಕೆ ಮರುಮತದಾನವಾಯಿತು. ಅವರ ಸಿಟ್ಟು ರಸ್ತೆ, ನೀರು, ಕರೆಂಟಿನದು. ಒಡೆದದ್ದು ತಪ್ಪೇ. ಆದರೆ ನಟ್‌ಬೀಮ್ ಹೇಳಿದ ಮೂರನೆಯ ಮಟ್ಟದ ಅರಿವು, ಅಂದರೆ ಕಾಯಿಲೆಗೂ ರಸ್ತೆಗೂ ನಂಟಿದೆ ಎಂಬ ತಿಳಿವು, ಆ ಊರಿನವರಿಗೆ ಕಡಿಮೆಯಿಲ್ಲ.

2018ರ ಡಿಸೆಂಬರ್ 14ರಂದು ಇದೇ ಹನೂರು ತಾಲ್ಲೂಕಿನ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆಸಿದ ಪ್ರಸಾದ ತಿಂದು 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಬೆರೆಸಿದ್ದು ಕ್ರಿಮಿನಾಶಕ. ಅದಕ್ಕೆ ಅಟ್ರೋಪಿನ್ ಚುಚ್ಚುಮದ್ದು ಬೇಕು, ಉಸಿರು ನಿಲ್ಲುವ ಹಂತದಲ್ಲಿ ವೆಂಟಿಲೇಟರ್ ಬೇಕು. ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆ, ಕೊಳ್ಳೇಗಾಲ ದಾಟಿ ಕೊನೆಗೆ ನೂರು ಕಿ.ಮೀ. ಮೀರಿದ ಮೈಸೂರಿನ ಹಲವು ಆಸ್ಪತ್ರೆಗಳಿಗೆ ಅವರನ್ನು ಸಾಗಿಸಬೇಕಾಯಿತು. ಕೋವಿಡ್ ಬಂದಾಗ 2020ರ ಜೂನ್ ಮೊದಲ ವಾರದವರೆಗೂ ಒಂದೂ ಪ್ರಕರಣವಿಲ್ಲದ ಜಿಲ್ಲೆಯೆಂದು ಚಾಮರಾಜನಗರ ಹೆಸರಾಗಿತ್ತು. ಮರುವರ್ಷ ಮೇ 2ರ ರಾತ್ರಿಯಿಂದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿ ಒಂದೇ ದಿನದಲ್ಲಿ 24 ಮಂದಿ ತೀರಿಕೊಂಡರು. ಅವರೆಲ್ಲ ಕಾಯಿಲೆ ಗುರುತಿಸಿ, ಹೇಳಿದಂತೆ ಕೇಳಿ, ಆಸ್ಪತ್ರೆಗೆ ಬಂದವರೇ. ಆಮೇಲೆ ಲಸಿಕೆ ಹಾಕಲು ಹಾಡಿಗಳಿಗೆ ಹೋದವರಿಗೆ ಜನ ಹಿಂದೇಟು ಹಾಕಿದಾಗ ಅದನ್ನೂ ತಿಳಿವಳಿಕೆಯ ಕೊರತೆ ಎಂದೇ ಬರೆದರು. ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ ಎಂಬುದು ಕೂಡ ತಿಳಿವಳಿಕೆಯೇ.

ಅಂದಮೇಲೆ ಅರಿವಿನ ಕೆಲಸ ವ್ಯರ್ಥವೇ? ಹಾಗಲ್ಲ. ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುಮಾಡಿದ ‘ಗೃಹ ಆರೋಗ್ಯ’ ಯೋಜನೆ ಮನೆ ಬಾಗಿಲಿಗೇ ಹೋಗಿ ಬಿಪಿ, ಸಕ್ಕರೆ ಕಾಯಿಲೆ ಸೇರಿ 14 ಅಸಾಂಕ್ರಾಮಿಕ ಕಾಯಿಲೆಗಳನ್ನು ಹುಡುಕಿ ಮಾತ್ರೆಯನ್ನೂ ಅಲ್ಲೇ ಕೊಡಬೇಕೆನ್ನುತ್ತದೆ. ಯಳಂದೂರಿನ ಕುಷ್ಠದ ಕೆಲಸದ ಧಾಟಿಯೇ ಇದು. ಮಾತ್ರೆ ತಿಂಗಳು ತಪ್ಪದೆ ಬಂದರೆ ಬಿಪಿಯ ಅರಿವೂ ಬರುತ್ತದೆ. ಎರಡು ತಿಂಗಳು ತಪ್ಪಿದರೆ ‘ಸರ್ಕಾರದ್ದು ಇಷ್ಟೇ’ ಎಂಬ ಅರಿವು ಬರುತ್ತದೆ, ಅದು ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ.

ಈ ಎಲ್ಲದರ ಭಾರ ಕೊನೆಗೆ ಬೀಳುವುದು ಆಶಾ ಕಾರ್ಯಕರ್ತೆಯ ಮೇಲೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಸಾವಿರ ಜನಕ್ಕೆ ಒಬ್ಬರಂತೆ ಹುಟ್ಟುಹಾಕಿದ ಹುದ್ದೆ. ಹುದ್ದೆಯೂ ಅಲ್ಲ, ಲೆಕ್ಕದಲ್ಲಿ ಆಕೆ ಸ್ವಯಂಸೇವಕಿ. ಹಾವಿನ ಪ್ರಥಮ ಚಿಕಿತ್ಸೆ, ಸಿಕಲ್ ಸೆಲ್ ಕಾರ್ಡು, ಕಬ್ಬಿಣದ ಮಾತ್ರೆ, ತಾಯಿ ಕಾರ್ಡು, ಬಿಪಿ ತಪಾಸಣೆ ಎಲ್ಲವನ್ನೂ ಊರಿನ ಮಾತಿಗೆ ಇಳಿಸುವವಳು ಆಕೆಯೇ, ಅದನ್ನೆಲ್ಲ ಮೊಬೈಲಿಗೆ ಏರಿಸಬೇಕಾದವಳೂ ಆಕೆಯೇ. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳಿಗೆ 15,000 ರೂಪಾಯಿ ಕೇಳಿ ಧರಣಿ ಕೂತರು. ಕನಿಷ್ಠ 10,000 ಸಿಗುವಂತೆ ಮಾಡುವ ಭರವಸೆ ಪಡೆದು ಎದ್ದರು. ಆರೋಗ್ಯ ಅಸಮಾನತೆ ಕುರಿತ ಯಾವ ಹೊಸ ಯೋಜನೆಯನ್ನೇ ಓದಿದರೂ ಈಗ ನಾನು ಮೊದಲು ಹುಡುಕುವುದು ಆಕೆಯ ಗಂಟೆಗಳನ್ನು ಅದರಲ್ಲಿ ಎಲ್ಲಿ ಲೆಕ್ಕ ಹಾಕಿದ್ದಾರೆ ಎಂಬುದನ್ನು.